ಹೊಟ್ಟೆಯ ಕಡೆ

ಪೆನ್ಷನ್ ಮೊಹಲ್ಲಾದಲ್ಲಿ ನನ್ನ ಹಲ್ಲುಸೆಟ್ಟಿನ ಕೋಣೆ.
ಹಗಲೆಲ್ಲ ಊರವರ ದವಡೆ.
ರಾತ್ರಿ ಒಂಬತ್ತರ ಮೇಲೆ ಅದೇ ಮೇಜು, ಅದೇ ದೀಪ,
ಮೇಣ ಕೊರೆಯುವ ಅದೇ ಕಡ್ಡಿಯಲ್ಲಿ
ಯುದ್ಧವಿಮಾನ.
ಬೂವನಹಳ್ಳಿಗೆ ವಿಮಾನ ಬರುತ್ತೆ, ಬರುತ್ತೆ ಅಂತ
ಕೇಳುತ್ತಲೇ ಬೆಳೆದವಳು;
ಬರುವವರೆಗೆ ಕೈ ಸುಮ್ಮನಿರುವುದು ಹೇಗೆ?

ಈ ಸಲ ಎರಡು ಪೆಟ್ಟಿಗೆ. ಎರಡರಲ್ಲೂ ಸುಖೋಯಿ,
ಎಪ್ಪತ್ತೆರಡು ಪಾಲಿನಲ್ಲಿ ಒಂದು ಪಾಲು.
ಜಪಾನಿನದಕ್ಕೆ ನಾಲ್ಕು ಸಾವಿರದ ಇನ್ನೂರು.
ಚೀನಾದ್ದಕ್ಕೆ ಸಾವಿರದ ಆರುನೂರು,
ಮುಚ್ಚಳ ಜಜ್ಜಿದ್ದಕ್ಕೆ ಐವತ್ತು ಕಡಿಮೆ.
"ಹೆಸರಲ್ಲೇ ಸುಖ ಇದೆ, ಕೊಂಡವಳಿಗೆಲ್ಲಿ?" ಅಂದ
ಬಣ್ಣ ಬೆರೆಸಿಕೊಡುವ ಸಮೀವುಲ್ಲಾ.
ಅವನ ಗ್ಯಾರೇಜಿನಲ್ಲಿ ಕಾರಿಗೆ ಬಳಿದು ಮಿಕ್ಕ ಬೂದಿಬಣ್ಣ
ನನ್ನ ವಾಯುಪಡೆಗೆ.
ಹಲ್ಲಿಗೆ ಹದಿನಾರು ಬಿಳುಪು ಇಟ್ಟುಕೊಂಡವಳು ನಾನು,
ಬೂದಿಯಲ್ಲಿ ಮೋಸಹೋಗುವುದಿಲ್ಲ.

ಜಪಾನಿನ ಬಿಡಿಭಾಗ ಕಡ್ಡಿಯಿಂದ ಕಳಚಿದರೆ
ನೆನೆದ ಅವರೆಕಾಳು ಹಿದುಕಿದಷ್ಟು ಸಲೀಸು.
ರೆಕ್ಕೆ ಒಡಲಿಗೆ ಕೂತಿತು, ಅಂಟು ಕೇಳಲಿಲ್ಲ.
ಬೆನ್ನ ಮೇಲಿನ ಗೀರು ಎಷ್ಟು ಸಣ್ಣವೆಂದರೆ
ಉಗುರಿಗೆ ಗೊತ್ತಾಗುತ್ತವೆ, ಕಣ್ಣಿಗಲ್ಲ.

ಚೀನಾದ್ದು ಉತ್ತ ಹೊಲ.
ಮೂತಿಯ ಎರಡು ಹೋಳು ಒಂದಕ್ಕೊಂದು ಮುನಿಸಿಕೊಂಡಿದ್ದವು;
ಪುಟ್ಟಿ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ
ಮೂರು ರಾತ್ರಿ ಸಂಧಾನ.
ಟೈರು ಅಂದರೆ ಚಕ್ಕುಲಿ.
ಡೆಕಾಲ್ ನೀರಿಗೆ ಬಿದ್ದದ್ದೇ
ಹಾಲಿನ ಕೆನೆಯಂತೆ ಮುದುರಿತು.
ಕ್ಯಾನಪಿಯ ನಡುಮಧ್ಯೆ ಅಚ್ಚಿನ ಗೆರೆ. ಅದನ್ನು ತೆಗೆದದ್ದು
ಹಲ್ಲಿಗೆ ಹೊಳಪು ಕೊಡುವ ಪುಡಿಯಿಂದ.

ನೋಟ್‌ಬುಕ್ಕಿನಲ್ಲಿ ಅಂಕ ಬರೆದೆ:
ಜಪಾನಿಗೆ ಎಂಬತ್ತೆಂಟು.
ಚೀನಾಕ್ಕೆ ಐವತ್ತೊಂದು; ಆ ಒಂದು
ಜಜ್ಜಿದ ಮುಚ್ಚಳದ ಮೇಲಿನ ಕನಿಕರಕ್ಕೆ.

ಕೆಳಗಿನ ಸೆಟ್ಟು ಸಡಿಲವಾಯಿತೆಂದು ಬಂದರು
ಹೊಳೆನರಸೀಪುರದ ಕಡೆಯ ಜವರಪ್ಪನವರು.
ವಾಯುಪಡೆಯಲ್ಲಿ ಮೂವತ್ತೆರಡು ವರ್ಷ,
ಒಂದು ದಿನವೂ ಹಾರಿದವರಲ್ಲ.
ಸೆಟ್ಟು ನನ್ನ ಕೈಗಿಟ್ಟು, ಬೋಳುಬಾಯಲ್ಲೇ,
"ಇದೇನವ್ವ, ನಮ್ ಸುಖೋಯಿ ನಿನ್ ಟೇಬಲ್ ಮ್ಯಾಲೆ?"

"ಯಾವುದು ಸರಿ ಇದೆ, ನೀವೇ ಹೇಳಿ" ಅಂದೆ.
ಉತ್ತರ ನೋಟ್‌ಬುಕ್ಕಿನಲ್ಲಿತ್ತು.

ಅವರು ಮೇಲಿನಿಂದ ನೋಡಲೇ ಇಲ್ಲ.
ಬಣ್ಣ ಒಣಗದ ರೆಕ್ಕೆಗೇ ಕೈಹಾಕಿ,
ನಾನು ಅಯ್ಯೋ ಅನ್ನುವಷ್ಟರಲ್ಲಿ
ಎರಡನ್ನೂ ಅಂಗಾತ ಕೆಡವಿದರು,
ಸಂತೇಪೇಟೆಯಲ್ಲಿ ಮೀನು ತಿರುಗಿಸಿ ನೋಡುವ ಹಾಗೆ.

ಎರಡು ಎಂಜಿನ್ನುಗಳ ನಡುವಿನ ಓಣಿಯಲ್ಲಿ
ಜಪಾನಿನದು ನುಣ್ಣಗೆ, ಖಾಲಿ.
ಹೋದ ಬೆರಳು ಏನೂ ಸಿಗದೆ ವಾಪಸು ಬಂತು.
ಚೀನಾದ್ದರಲ್ಲಿ, ಒಡ್ಡೊಡ್ಡಾಗಿ, ಬೇಕಾದ್ದಕ್ಕಿಂತ ಆಳವಾಗಿ,
ಒಂದು ಪುಟ್ಟ ಚೌಕ. ಸುತ್ತ ಚುಕ್ಕಿ.

"ಇದು ನೋಡು. ಹನ್ನೊಂದು ಸ್ಕ್ರೂ.
ನನ್ ಗಾಡೀಲಿ ಹನ್ನೆರಡನೇದರ ತೂತು ಸವೆದೋಗಿತ್ತು, ಯಾವತ್ತೂ ಕೂರ್ಲಿಲ್ಲ.
ಚಳಿಗಾಲದಾಗೆ ತಗಡು ಬೆರಳಿಗೆ ಅಂಟ್ಕೊಳ್ಳೋದು,
ಎಣ್ಣೆ ತೊಟ್ಟು ಸೀದಾ ಕಣ್ಣಿಗೆ.
ಮೇಲ್ಗಡೆ ಹೆಂಗಿತ್ತೋ...
ಅದು ಪೈಲಟ್ಟಿಗೆ ಗೊತ್ತು, ಮಳೆಗೆ ಗೊತ್ತು."

ಹೇಳುತ್ತ ಹೇಳುತ್ತ ಅವರ ಬಲಗೈ ತಲೆಯ ಮೇಲೆ ಹೋಗಿ
ಗಾಳಿಯಲ್ಲಿ ಏನನ್ನೋ ತಿರುಪುತ್ತಿತ್ತು, ಎಡಕ್ಕೆ.

ಅವರು ಹೋದಮೇಲೆ ಸೆಟ್ಟನ್ನು ಮಗುಚಿ ದೀಪಕ್ಕೆ ಹಿಡಿದೆ.
ನಗುವ ಕಡೆಯಲ್ಲ, ವಸಡಿಗೆ ಕೂರುವ ಕಡೆ.
ಎರಡು ವರ್ಷದ ಹಿಂದೆ ನಾನೇ ಕೊಟ್ಟ ಹದ
ಈಗ ಒಂದು ಕೂದಲೆಳೆ ತಪ್ಪಿದೆ.
ಯಾರೂ ನೋಡುವ ಜಾಗವಲ್ಲ;
ರಾಗಿಮುದ್ದೆಗೂ ಬೇಡ, ಕಡಲೆಬೀಜಕ್ಕೆ ಗೊತ್ತು.

ಅಂಕ ತಿದ್ದಲಿಲ್ಲ. ಮೂತಿ ಸೊಟ್ಟ ಅಂದರೆ ಸೊಟ್ಟವೇ.
ಒಣಗದ ರೆಕ್ಕೆಯಲ್ಲಿ ಜವರಪ್ಪನವರ ಹೆಬ್ಬೆಟ್ಟು ಉಳಿದಿದೆ,
ಸಮೀವುಲ್ಲಾ ಉಪ್ಪುಕಾಗದ ತಂದ, ಬೇಡ ಅಂದೆ.
ಜಪಾನಿನದು ಕಪಾಟಿನಲ್ಲಿ ಚಕ್ರದ ಮೇಲೆ ನಿಂತಿದೆ,
ಚೀನಾದ್ದು ಹತ್ತಿಯ ಮೇಲೆ, ಅಂಗಾತ.
ಸೂಜಿ ಹಿಡಿದು ಎಣಿಸಿದೆ: ಹನ್ನೆರಡು ಚುಕ್ಕಿ.

ಒಂದನ್ನು ಮುಚ್ಚಬೇಕು. ಯಾವುದೆಂದು
ಮಂಗಳವಾರ ಅವರು ಹಲ್ಲಿಗೆ ಬಂದಾಗ ಕೇಳಬೇಕು.
ಅಲ್ಲಿಯವರೆಗೆ ಪುಟ್ಟಿಯ ಡಬ್ಬಿಯ ಮೇಲೆ
ಒದ್ದೆಬಟ್ಟೆ.